ಎರೆನೆಲದಿಂದ ಹಡಗು ಹತ್ತುವವರಿಗೆ

ಹಡಗಿನ ಮಾತು ಎತ್ತಿದ ದಿನ ಅಸೂಟಿಯ ಮನೆಯ ಕಟ್ಟೆಯ ಮೇಲೆ ಕುಳಿತು ಅವ್ವ ಕೇಳಿದ್ದು ಒಂದೇ ಪ್ರಶ್ನೆ. "ನೀರು ಎಷ್ಟು ಆಳ ಐತಪ್ಪ ಅಲ್ಲಿ?" ರೋಣ ತಾಲೂಕಿನ ಎರೆಹೊಲದಲ್ಲಿ ಹುಟ್ಟಿ ಬೆಳೆದವಳಿಗೆ ನೀರೆಂದರೆ ಬಾವಿ, ಕೆರೆ, ಮಲಪ್ರಭೆ. ಹೊಳೆ ಬಂದರೆ ದಂಡೆಯ ಊರಿನವರು ಮನೆ ಬಿಡಬೇಕು, ಬಾರದಿದ್ದರೆ ಬೆಳೆ ಬಿಡಬೇಕು. ನೀರಿನ ಜೊತೆ ನಮ್ಮ ಸಂಬಂಧ ಅಷ್ಟೇ. ಅವಳು ಜೀವಮಾನದಲ್ಲಿ ಹತ್ತಿದ ಒಂದೇ ದೋಣಿ ಹಂಪಿಯ ಹರಿಗೋಲು, ಅದರಲ್ಲೂ ಕಣ್ಣು ಮುಚ್ಚಿಕೊಂಡೇ ಕುಳಿತಿದ್ದಳು.

ಅಪ್ಪ–ಅವ್ವನ ಮದುವೆಗೆ ಐವತ್ತು ವರ್ಷ ತುಂಬಿದಾಗ ಮಕ್ಕಳೆಲ್ಲ ಸೇರಿ ಅವರನ್ನು ಮುಂಬೈಯಿಂದ ಗೋವಾಕ್ಕೆ ಹೋಗಿಬರುವ ಕ್ರೂಸ್ ಹಡಗಿನಲ್ಲಿ ಕರೆದುಕೊಂಡು ಹೋದೆವು. ಅದಾದ ಮೇಲೆ ಸುತ್ತಲಿನ ಊರುಗಳ ನೆಂಟರು, ಹೊಸದಾಗಿ ಮದುವೆಯಾದವರು, ನಿವೃತ್ತರಾದ ಮಾಸ್ತರರು ಫೋನ್ ಮಾಡಿ ಕೇಳುವುದು ನಿಂತಿಲ್ಲ. ಏನು ಒಯ್ಯಬೇಕು, ಊಟ ಹೆಂಗ, ವಾಂತಿ ಆಗತದೇನು, ನಮ್ಮಂಥವರನ್ನ ಒಳಗ ಬಿಡತಾರೇನು? ಕೊನೆಯ ಪ್ರಶ್ನೆ ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಹಡಗಿನಲ್ಲಿ ಭಯಪಡುವಂಥದ್ದು ಬಹಳ ಕಡಿಮೆ. ಗೊತ್ತಿಲ್ಲದ್ದರಿಂದ ಹುಟ್ಟುವ ಭಯವೇ ಹೆಚ್ಚು. ಅಲ್ಲಿನ ಪ್ರತಿ ನಿಯಮಕ್ಕೂ ಒಂದು ಕಾರಣವಿದೆ. ಆ ಕಾರಣ ಮೊದಲೇ ತಿಳಿದಿದ್ದರೆ ಎಪ್ಪತ್ತು ವರ್ಷದ ಹಿರಿಯರೂ ನೆಮ್ಮದಿಯಿಂದ ಹೋಗಿ ಬರಬಹುದು.

ಕಡಲಿಗೂ ನಮಗೂ ನಂಟೇ ಇಲ್ಲ ಅನ್ನುವ ಹಾಗೂ ಇಲ್ಲ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ಮ್ಯಾಂಚೆಸ್ಟರಿನ ಗಿರಣಿಗಳು ಕಣ್ಣು ಹಾಕಿದ್ದು ಧಾರವಾಡ ಸೀಮೆಯ ಹತ್ತಿಯ ಮೇಲೆ. ಆಗ ರೋಣವೂ ಧಾರವಾಡ ಜಿಲ್ಲೆಯದೇ. ಗದಗ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಈ ಹತ್ತಿಯನ್ನು ಘಟ್ಟ ಇಳಿಸಿ ಕಾರವಾರದಲ್ಲಿ ಹಡಗು ಹತ್ತಿಸುವ ಹವಣಿಕೆಯಲ್ಲೇ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ನಮ್ಮ ಎರೆಯ ಬೆಳೆ ನಮಗಿಂತ ಮೊದಲೇ ಸಮುದ್ರ ದಾಟಿದೆ ಎಂದು ಅವ್ವನಿಗೆ ಹೇಳಿದಾಗ ಅವಳಿಗೆ ಅರ್ಧ ಧೈರ್ಯ ಬಂತು.

ಯಾವ ಹಡಗು, ಯಾವ ಕಾಲ

ಭಾರತದ ಬಂದರಿನಿಂದಲೇ ಹತ್ತಿ ಇಳಿಯುವ ದೊಡ್ಡ ವಿಹಾರ ಹಡಗೆಂದರೆ ಕಾರ್ಡೇಲಿಯಾ ಕ್ರೂಸಸ್‌ನ ಎಂಪ್ರೆಸ್. 2021ರ ಸೆಪ್ಟೆಂಬರಿನಲ್ಲಿ ಮುಂಬೈಯಿಂದ ಯಾನ ಆರಂಭಿಸಿತು. ಹಡಗು ಹೊಸದಲ್ಲ, 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ್ದು, ಮೂವತ್ತು ವರ್ಷ ಬೇರೆ ಬೇರೆ ಹೆಸರಿನಿಂದ ಹೊರದೇಶದ ಕಡಲುಗಳಲ್ಲಿ ಓಡಾಡಿ ಇಲ್ಲಿಗೆ ಬಂದಿದೆ. ಉದ್ದ ಇನ್ನೂರು ಮೀಟರಿಗೂ ಹೆಚ್ಚು, ಹನ್ನೊಂದು ಅಂತಸ್ತು, ಸುಮಾರು 800 ಕೋಣೆ. ಜಾಹೀರಾತಿನಲ್ಲಿ "48 ಸಾವಿರ ಟನ್" ಎಂದು ಓದಿ ಅಪ್ಪ ಇಷ್ಟು ಭಾರ ಹೇಗೆ ತೇಲುತ್ತದೆ ಎಂದು ಕೇಳಿದರು. ಆ ಟನ್ ತೂಕದ ಲೆಕ್ಕವಲ್ಲ, ಹಡಗಿನ ಒಳಜಾಗ ಎಷ್ಟಿದೆ ಎಂಬುದರ ಅಳತೆ.

ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆಗೆ ಯಾನಗಳಿವೆ; ಎಲ್ಲಿಯೂ ಇಳಿಯದೆ ನಡುಗಡಲಿಗೆ ಹೋಗಿ ಮರಳುವ ವಾರಾಂತ್ಯದ ಯಾನವೂ ಇದೆ. ಮಳೆಗಾಲದಲ್ಲಿ ಅರಬ್ಬಿ ಸಮುದ್ರ ಕೆರಳುವುದರಿಂದ ಹಡಗು ಪೂರ್ವಕ್ಕೆ ಹೋಗಿ ಚೆನ್ನೈಯಿಂದ ಶ್ರೀಲಂಕಾದ ಕಡೆ ಓಡುತ್ತದೆ. ಮೊದಲ ಸಲ ಹೋಗುವವರಿಗೆ ನನ್ನ ಖಚಿತ ಸಲಹೆ: ಎರಡು–ಮೂರು ರಾತ್ರಿಯ ಯಾನ, ನವೆಂಬರಿನಿಂದ ಫೆಬ್ರುವರಿಯ ಒಳಗೆ. ಆಗ ಕಡಲು ಶಾಂತ. ನಮ್ಮ ಕಡೆ ಕಡಲೆ, ಬಿಳಿಜೋಳದ ಬಿತ್ತನೆ ಮುಗಿದಿರುತ್ತದೆ, ಸುಗ್ಗಿಗೆ ಇನ್ನೂ ಹೊತ್ತಿರುತ್ತದೆ. ಹೊಲ ಬಿಟ್ಟು ಬಂದೆನೆಂಬ ಚಿಂತೆ ಇದ್ದರೆ ಎಂಥ ಹಡಗೂ ರುಚಿಸದು. ಜೂನ್, ಜುಲೈ ಪಶ್ಚಿಮ ಕರಾವಳಿಯ ಮಾತೇ ಬೇಡ. ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಯನ್ನೇ ನಿಷೇಧಿಸುತ್ತಾರೆ. ಮೀನು ಮರಿ ಮಾಡುವ ಕಾಲ ಎಂಬುದು ಮುಖ್ಯ ಕಾರಣ. ಕಡಲಿನ ಅಬ್ಬರವೂ ಕಡಿಮೆಯದಲ್ಲ.

ಲಕ್ಷದ್ವೀಪ ನೋಡುವ ಆಸೆಯಿದ್ದವರಿಗೆ ಇನ್ನೊಂದು ದಾರಿಯಿದೆ. ಅಲ್ಲಿಯ ಆಡಳಿತದ ಹಡಗುಗಳು ಕೊಚ್ಚಿಯಿಂದ ಹೊರಡುತ್ತವೆ. 'ಸಮುದ್ರಂ' ಎಂಬ ಪ್ರವಾಸದಲ್ಲಿ ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ, ರಾತ್ರಿ ಹಡಗಿನಲ್ಲಿ ಮಲಗುವುದು. ಕ್ರೂಸಿನ ಕುಣಿತ, ಗದ್ದಲ ಇರುವುದಿಲ್ಲ, ಕಡಲೇ ಎಲ್ಲ. ಯಾವ ಹಡಗಿನಲ್ಲಿ ಹೋದರೂ ಲಕ್ಷದ್ವೀಪದಲ್ಲಿ ಕಾಲಿಡಲು ಪರವಾನಗಿ ಬೇಕು, ಅದಕ್ಕೆ ಕಾಗದಪತ್ರ ಮುಂಚೆಯೇ ಕೊಡಬೇಕು. ಅಲ್ಲಿ ದೊಡ್ಡ ಹಡಗು ಹೆಚ್ಚಾಗಿ ದಡಕ್ಕೆ ತಾಗುವುದಿಲ್ಲ, ದೂರದಲ್ಲೇ ಲಂಗರು ಹಾಕುತ್ತದೆ. ತೂಗುತ್ತಿರುವ ಸಣ್ಣ ದೋಣಿಗೆ ಹೆಜ್ಜೆ ಇಟ್ಟು ಇಳಿಯಬೇಕು. ಮೊಣಕಾಲು ನೋವಿದ್ದವರು ಇದನ್ನು ಚೆನ್ನಾಗಿ ಯೋಚಿಸಬೇಕು. ಅಂದಹಾಗೆ ಕಡಮತ್, ಅಮಿನಿ ಮೊದಲಾದ ಐದು ದ್ವೀಪಗಳು 1956ರ ನವೆಂಬರ್ 1ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು.

ಮಂಗಳೂರಿನಿಂದ ಹತ್ತಬಹುದಲ್ಲ ಎಂದು ಬಹಳ ಜನ ಕೇಳುತ್ತಾರೆ. ಪಣಂಬೂರಿನ ನವಮಂಗಳೂರು ಬಂದರಿಗೆ ಚಳಿಗಾಲದಲ್ಲಿ ಕ್ರೂಸ್ ಹಡಗುಗಳು ಬರುವುದು ನಿಜ. ಅವು ಹೆಚ್ಚಾಗಿ ಪರದೇಶದ ಪ್ರವಾಸಿಗರನ್ನು ತಂದು, ಕುದ್ರೋಳಿ ದೇವಸ್ಥಾನ, ಸಂತ ಅಲೋಶಿಯಸ್ ಚಾಪೆಲ್, ಮೂಡುಬಿದಿರೆಯ ಸಾವಿರ ಕಂಬದ ಬಸದಿ ತೋರಿಸಿ ಸಂಜೆಗೆ ಹೊರಡುವ ಹಡಗುಗಳು. ನಮಗೆ ಸದ್ಯಕ್ಕೆ ಮುಂಬೈಯೇ ದಾರಿ.

ದುಡ್ಡು ಕಟ್ಟುವ ಮೊದಲು ಮನೆಯವರನ್ನು ಒಂದು ಸಲ ಕಡಲಿಗೆ ಕರೆದೊಯ್ಯಿರಿ. ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ದೋಣಿಯಲ್ಲಿ ಅರ್ಧ ತಾಸಿನ ದಾರಿ. ಸಣ್ಣ ದೋಣಿ ದೊಡ್ಡ ಹಡಗಿಗಿಂತ ಬಹಳ ಹೆಚ್ಚು ಕುಣಿಯುತ್ತದೆ. ಅದನ್ನು ತಾಳಿಕೊಂಡವರಿಗೆ ಹಡಗು ಏನೂ ಅಲ್ಲ. ಕಾರವಾರದ ಕಡಲದಂಡೆಯಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆಯನ್ನು ವಸ್ತುಸಂಗ್ರಹಾಲಯ ಮಾಡಿ ನಿಲ್ಲಿಸಿದ್ದಾರೆ. ಒಳಗೆ ಹೋದರೆ ಹಡಗಿನ ಮೆಟ್ಟಿಲು, ಹೊಸ್ತಿಲು, ಇಕ್ಕಟ್ಟು ಹೇಗಿರುತ್ತವೆ ಎಂಬ ಅಂದಾಜು ಸಿಗುತ್ತದೆ. ಕ್ರೂಸ್ ಹಡಗು ಅದಕ್ಕಿಂತ ಎಷ್ಟೋ ವಿಶಾಲ ಎಂದು ಆಮೇಲೆ ಗೊತ್ತಾದಾಗ ಖುಷಿಯೂ ಆಗುತ್ತದೆ.

ದುಡ್ಡಿನ ಲೆಕ್ಕ

ಜಾಹೀರಾತಿನಲ್ಲಿ ಕಾಣುವ ದರ ಒಬ್ಬರದು, ಅದೂ ಒಂದು ಕೋಣೆಯಲ್ಲಿ ಇಬ್ಬರಿದ್ದಾಗ. ಅದರ ಮೇಲೆ ಬಂದರು ಶುಲ್ಕ, ಸೇವಾ ಶುಲ್ಕ, ಜಿಎಸ್‌ಟಿ ಕೂಡುತ್ತವೆ. ಆದ್ದರಿಂದ ಏಜೆಂಟರನ್ನು "ಎಷ್ಟು?" ಎಂದು ಕೇಳಬೇಡಿ, "ಎಲ್ಲ ಸೇರಿ, ನಾಲ್ಕು ಮಂದಿಗೆ, ಕೈಗೆ ಟಿಕೆಟ್ ಬರುವಾಗ ಎಷ್ಟು?" ಎಂದು ಕೇಳಿ, ಬರೆಸಿಕೊಳ್ಳಿ. ರದ್ದು ಮಾಡಿದರೆ ಎಷ್ಟು ಮರಳುತ್ತದೆ ಎಂಬುದನ್ನೂ ಬರೆಸಿಕೊಳ್ಳಿ. ಹೊರಡುವ ದಿನ ಹತ್ತಿರ ಬಂದಷ್ಟೂ ಮರಳುವ ದುಡ್ಡು ಕರಗುತ್ತದೆ.

ಟಿಕೆಟ್ಟಿನಲ್ಲಿ ಮಲಗುವ ಕೋಣೆ, ನಿಗದಿತ ಊಟದ ಮನೆಗಳ ಊಟ–ತಿಂಡಿ, ಈಜುಕೊಳ, ಹೆಚ್ಚಿನ ಮನರಂಜನೆ ಸೇರಿರುತ್ತವೆ. ಮದ್ಯ, ವಿಶೇಷ ಹೋಟೆಲುಗಳ ಊಟ, ಮಸಾಜು, ವೈಫೈ, ಬಂದರಿನಲ್ಲಿ ಇಳಿದಾಗಿನ ಪ್ರವಾಸ ಇವಕ್ಕೆಲ್ಲ ಬೇರೆ ದುಡ್ಡು. ಹಡಗಿನೊಳಗೆ ನೋಟು ನಡೆಯುವುದಿಲ್ಲ. ಹತ್ತುವಾಗ ಒಂದು ಕಾರ್ಡು ಕೊಡುತ್ತಾರೆ. ಅದೇ ಕೋಣೆಯ ಕೀಲಿ, ಅದೇ ಗುರುತಿನ ಚೀಟಿ, ಅದೇ ನಿಮ್ಮ ಚೀಲ. ಏನು ಕೊಂಡರೂ ಕಾರ್ಡು ತೋರಿಸಿದರೆ ಖಾತೆಗೆ ಬರೆದುಕೊಳ್ಳುತ್ತಾರೆ. ಊರ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಇದ್ದ ಹಾಗೆ, ಬರೆಸುವಾಗ ಭಾರ ಗೊತ್ತಾಗುವುದಿಲ್ಲ. ದಿನಕ್ಕೊಂದು ಸಲ ಸ್ವಾಗತ ಕಟ್ಟೆಗೆ ಹೋಗಿ ಲೆಕ್ಕ ಕೇಳಿ. ಹಡಗಿನಲ್ಲಿ ಜೂಜಿನ ಕೋಣೆಯೂ ಇರುತ್ತದೆ. ವರ್ಷದ ಹತ್ತಿ ಮಾರಿದ ದುಡ್ಡು ಒಂದು ಸಂಜೆಯಲ್ಲಿ ಹೋಗಬಲ್ಲ ಜಾಗ ಅದು. ಅತ್ತ ಹೋಗಬೇಡಿ ಎಂದೇ ನಾನು ಹೇಳುತ್ತೇನೆ.

ಕೋಣೆಗಳಲ್ಲಿ ಮೂರ್ನಾಲ್ಕು ದರ್ಜೆ. ಕಿಟಕಿಯಿಲ್ಲದ ಒಳಕೋಣೆ ಎಲ್ಲಕ್ಕಿಂತ ಅಗ್ಗ, ಆಮೇಲೆ ಕಿಟಕಿಯದು, ಬಾಲ್ಕನಿಯದು, ದೊಡ್ಡ ಸೂಟ್. ಯುವಕರು ಒಳಕೋಣೆ ಹಿಡಿಯಲಿ. ಅವರು ಕೋಣೆಯಲ್ಲಿರುವುದು ಮಲಗುವಾಗ ಮಾತ್ರ. ಹಿರಿಯರಿಗೆ ಕಿಟಕಿ ಇರಲೇಬೇಕು ಎಂದು ನನಗನ್ನಿಸುತ್ತದೆ. ಬೆಳಗಾಯಿತೋ ಇಲ್ಲವೋ ತಿಳಿಯದ ಕತ್ತಲೆಯಲ್ಲಿ ಅವರು ಕಂಗಾಲಾಗುತ್ತಾರೆ. ಎತ್ತರದ ಅಂತಸ್ತಿಗಿಂತ ಕೆಳಗಿನ ಅಂತಸ್ತು, ಹಡಗಿನ ಮೂತಿ–ಬಾಲಕ್ಕಿಂತ ನಡುಭಾಗ ಕಡಿಮೆ ತೂಗುತ್ತದೆ. ಚಕ್ಕಡಿಯಲ್ಲಿ ಗಾಲಿಯ ಮೇಲೆ ಕುಳಿತವನಿಗೂ ಹಿಂದೆ ತುದಿಯಲ್ಲಿ ಕುಳಿತವನಿಗೂ ಆಗುವ ವ್ಯತ್ಯಾಸ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಾಗದಪತ್ರ

ದೇಶದೊಳಗಿನ ಯಾನಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ. ಆಧಾರ್, ಮತದಾರರ ಚೀಟಿಯಂಥ ಸರ್ಕಾರಿ ಗುರುತಿನ ಚೀಟಿಯ ಮೂಲಪ್ರತಿ ಬೇಕು; ಮಕ್ಕಳದೂ ಬೇಕು. ಝೆರಾಕ್ಸ್ ನಂಬಿ ಹೋಗಬೇಡಿ. ಟಿಕೆಟ್ಟಿನಲ್ಲಿರುವ ಹೆಸರು ಗುರುತಿನ ಚೀಟಿಯಲ್ಲಿದ್ದಂತೆಯೇ ಇರಬೇಕು. ನಮ್ಮ ಕಡೆ ಒಂದರಲ್ಲಿ ಅಡ್ಡಹೆಸರು, ಇನ್ನೊಂದರಲ್ಲಿ ತಂದೆಯ ಹೆಸರು, ಮತ್ತೊಂದರಲ್ಲಿ ಬರೀ ಇನಿಶಿಯಲ್ ಇರುವುದು ಸಾಮಾನ್ಯ. ಅವ್ವನ ಹೆಸರು ಆಧಾರಿನಲ್ಲಿ ಒಂದು ಬಗೆ, ಬ್ಯಾಂಕ್ ಪುಸ್ತಕದಲ್ಲಿ ಇನ್ನೊಂದು ಬಗೆ ಇತ್ತು. ಟಿಕೆಟ್ ಮಾಡಿಸುವ ಮೊದಲೇ ನೋಡಿಕೊಂಡದ್ದರಿಂದ ಬಚಾವಾದೆವು.

ಹೊರದೇಶದ ಯಾನವಾದರೆ ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಹಡಗು ತಾಗುವ ಪ್ರತಿ ದೇಶದ ವೀಸಾ ನಿಯಮವನ್ನೂ ನೋಡಬೇಕು. ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಗದಗ, ಧಾರವಾಡದ ಎಷ್ಟೋ ಅಪ್ಪ–ಅಮ್ಮಂದಿರು ಈಗ ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುತ್ತಾರೆ, ಮಕ್ಕಳು ಪ್ರೀತಿಯಿಂದ ಅವರನ್ನು ಕ್ರೂಸಿಗೆ ಕರೆದೊಯ್ಯುತ್ತಾರೆ. ನಮ್ಮ ಬಂಧುಗಳೊಬ್ಬರು ಸಿಯಾಟಲ್‌ನಿಂದ ಅಲಾಸ್ಕಾಕ್ಕೆ ಹೋಗುವ ಹಡಗಿಗೆ ದುಡ್ಡು ಕಟ್ಟಿದ ಮೇಲೆ ಕೆನಡಾ ವೀಸಾ ಬೇಕೆಂದು ತಿಳಿಯಿತು. ಎರಡೂ ಅಮೆರಿಕದವೇ ಅಲ್ಲವೇ ಎಂದು ಅವರು ಕೇಳಿದ್ದು ಸಹಜ. ಆದರೆ 1886ರಷ್ಟು ಹಳೆಯ ಅಮೆರಿಕದ ಕಾನೂನೊಂದರ ಪ್ರಕಾರ ಹೊರದೇಶದಲ್ಲಿ ನೋಂದಾಯಿಸಿದ ಹಡಗು, ನಡುವೆ ಪರದೇಶದ ಬಂದರನ್ನು ಮುಟ್ಟದೆ, ಅಮೆರಿಕದ ಬಂದರಿನಿಂದ ಹೊರಟು ಅಮೆರಿಕದ ಬಂದರಿಗೆ ಪ್ರಯಾಣಿಕರನ್ನು ಸಾಗಿಸುವಂತಿಲ್ಲ. ಬಹುಪಾಲು ಕ್ರೂಸ್ ಹಡಗುಗಳು ಹೊರದೇಶದಲ್ಲಿ ನೋಂದಾಯಿಸಿದವೇ. ಅದಕ್ಕಾಗಿಯೇ ಅವು ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ತಾಸು ನಿಂತು ಬರುತ್ತವೆ. ಭಾರತದ ಪಾಸ್‌ಪೋರ್ಟಿನವರು ದಡಕ್ಕೆ ಇಳಿಯಲಿ ಬಿಡಲಿ, ಕೆನಡಾ ವೀಸಾ ಇಲ್ಲದೆ ಹಡಗು ಹತ್ತಲು ಬಿಡುವುದಿಲ್ಲ. ಆ ಹಿರಿಯರು ಚೀಲ ಕಟ್ಟಿಟ್ಟುಕೊಂಡು ಮನೆಯಲ್ಲೇ ಉಳಿದರು. ಅಮೆರಿಕದಿಂದ ಯಾವ ಕ್ರೂಸಿಗೆ ಹೋದರೂ ಅಮೆರಿಕದ ವೀಸಾ ಹಲವು ಸಲದ ಪ್ರವೇಶದ್ದೇ ಎಂದು ಖಚಿತ ಮಾಡಿಕೊಳ್ಳಿ. ಹಡಗಿಳಿದು ಮರಳುವುದೆಂದರೆ ಹೊಸದಾಗಿ ದೇಶದೊಳಗೆ ಬಂದ ಲೆಕ್ಕ. ಪ್ರಯಾಣ ವಿಮೆಯೂ ಇರಲಿ. ಹಡಗಿನಲ್ಲಿ ವೈದ್ಯರಿರುತ್ತಾರೆ, ಆದರೆ ಅವರ ಚಿಕಿತ್ಸೆ ಪುಕ್ಕಟೆಯಲ್ಲ.

ಗರ್ಭಿಣಿಯರು, ಹಸುಗೂಸಿನ ತಾಯಂದಿರು ಮೊದಲೇ ಕಂಪನಿಗೆ ತಿಳಿಸಬೇಕು. ಹೆಚ್ಚಿನ ಕಂಪನಿಗಳು ಇಪ್ಪತ್ನಾಲ್ಕು ವಾರ ತುಂಬುವ ಗರ್ಭಿಣಿಯರನ್ನೂ ಆರು ತಿಂಗಳೊಳಗಿನ ಕೂಸುಗಳನ್ನೂ ಹತ್ತಿಸಿಕೊಳ್ಳುವುದಿಲ್ಲ. ನಡುಗಡಲಿನಲ್ಲಿ ಹೆರಿಗೆಗೆ ತಕ್ಕ ಸೌಕರ್ಯ ಇರುವುದಿಲ್ಲವಲ್ಲ.

ಬುತ್ತಿ ಮತ್ತು ಊದಿನಕಡ್ಡಿ

ಹೊರಡುವ ಹಿಂದಿನ ದಿನ ಅವ್ವ ಕಟಕ ರೊಟ್ಟಿ, ಶೇಂಗಾ ಚಟ್ನಿ, ಕರದಂಟು ಎಲ್ಲ ಕಟ್ಟಿ ಮುಗಿಸಿದ್ದಳು. ರೈಲಿಗೆ ಅದು ಬೇಕೇ ಬೇಕು. ಹಡಗಿಗೆ ಮನೆಯ ಅಡುಗೆಯನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ಒಬ್ಬರ ಕೆಟ್ಟ ಆಹಾರದಿಂದ ಹೊಟ್ಟೆಬೇನೆ ಹತ್ತಿದರೆ ಮುಚ್ಚಿದ ಹಡಗಿನಲ್ಲಿ ನೂರಾರು ಜನಕ್ಕೆ ಹರಡುತ್ತದೆ ಎಂಬುದು ಅವರ ಅಂಜಿಕೆ. ಊಟದ ಮನೆಯ ಬಾಗಿಲಲ್ಲಿ ಕೈ ತೊಳೆಸಿಯೇ ಒಳಗೆ ಬಿಡುವುದೂ ಅದಕ್ಕೇ. ಪಥ್ಯದವರು, ಸಕ್ಕರೆ ಕಾಯಿಲೆಯವರು ಟಿಕೆಟ್ ಮಾಡಿಸುವಾಗಲೇ ಕೇಳಿಕೊಳ್ಳಿ.

ಇಸ್ತ್ರಿ ಪೆಟ್ಟಿಗೆ, ವಿದ್ಯುತ್ ಕೆಟಲು, ಚಾಕು, ಮದ್ಯ ಯಾವುದೂ ಬೇಡ. ಬೆಂಕಿ ಎಂದರೆ ಹಡಗಿನವರಿಗೆ ಮುಳುಗುವುದಕ್ಕಿಂತ ಹೆಚ್ಚಿನ ಭಯ, ಓಡಿಹೋಗಲು ಜಾಗವಿಲ್ಲ. ಅವ್ವ ದಿನಾ ಲಿಂಗಪೂಜೆ ಮಾಡುವವಳು. ವಿಭೂತಿ, ಬಿಲ್ವಪತ್ರಿ, ಸಣ್ಣ ತಂಬಿಗೆ ಇಟ್ಟುಕೊಂಡಳು. ಊದಿನಕಡ್ಡಿ, ಕರ್ಪೂರ, ಕಡ್ಡಿಪೆಟ್ಟಿಗೆ ತೆಗೆದಿಟ್ಟಳು. ಕಿಟಕಿಯಾಚೆ ಸೂರ್ಯ ಏಳುವ ಹೊತ್ತಿಗೆ ಅಂಗೈಯಲ್ಲಿ ಲಿಂಗ ಹಿಡಿದು ಕುಳಿತಿದ್ದ ಅವಳನ್ನು ನೋಡಿದೆ. ಹಚ್ಚಲು ದೀಪ ಇಲ್ಲವೆಂಬ ಕೊರತೆ ಆ ಮುಖದಲ್ಲಿ ಇರಲಿಲ್ಲ.

ದೊಡ್ಡ ಚೀಲಗಳಿಗೆ ಬಂದರಿನಲ್ಲೇ ಚೀಟಿ ಕಟ್ಟಿ ಒಯ್ಯುತ್ತಾರೆ, ಕೋಣೆಗೆ ಬರಲು ಎರಡು–ಮೂರು ತಾಸು ಹಿಡಿಯಬಹುದು. ಆದ್ದರಿಂದ ಬಿಪಿ, ಸಕ್ಕರೆಯ ಗುಳಿಗೆ, ಕನ್ನಡಕ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ಜಾರದ ಚಪ್ಪಲಿ, ತೆಳುವಾದ ಶಾಲು ಮರೆಯಬೇಡಿ; ಒಳಗೆ ಎಸಿ ಬಹಳ ತಣ್ಣಗಿರುತ್ತದೆ, ಮೇಲೆ ಗಾಳಿ. ಸೀರೆ, ಧೋತರ ಉಟ್ಟು ಹೋಗಲು ಸಂಕೋಚ ಬೇಡ. ಅಪ್ಪ ಮೂರೂ ದಿನ ಧೋತರ, ಟೊಪ್ಪಿಗೆಯಲ್ಲೇ ಓಡಾಡಿದರು. ಹಡಗಿನ ಹುಡುಗರು ಅವರಿಗೆ ಕೊಟ್ಟ ಮರ್ಯಾದೆ ಯಾರಿಗೂ ಕಡಿಮೆ ಇರಲಿಲ್ಲ. ಈಜುಕೊಳದಲ್ಲಿ ಇಳಿಯುವುದಾದರೆ ಮಾತ್ರ ಈಜುಡುಗೆ ಬೇಕು.

ಮುಂಬೈ ತಲುಪಿ ಹಡಗು ಹತ್ತುವುದು

ಗದಗ, ಬದಾಮಿ, ವಿಜಯಪುರ, ಸೊಲ್ಲಾಪುರದ ಮೇಲೆ ಹಾಯ್ದು ಮುಂಬೈಯ ಸಿಎಸ್‌ಎಂಟಿಗೆ ನೇರ ರೈಲಿದೆ. ಆ ನಿಲ್ದಾಣದಿಂದ ಬಲ್ಲಾರ್ಡ್ ಪಿಯರ್‌ನ ಕ್ರೂಸ್ ಟರ್ಮಿನಲ್ಲಿಗೆ ಟ್ಯಾಕ್ಸಿಯಲ್ಲಿ ಕೆಲವೇ ನಿಮಿಷ. ಆದರೆ ಹಡಗು ಹೊರಡುವ ದಿನವೇ ತಲುಪುವ ರೈಲನ್ನು ನಂಬಬೇಡಿ. ಒಂದು ದಿನ ಮೊದಲೇ ಹೋಗಿ ವಸತಿ ಮಾಡಿ. ಹಡಗು ಬಿಡುವ ಸಮಯಕ್ಕೆ ಒಂದೂವರೆ–ಎರಡು ತಾಸು ಮೊದಲೇ ಹತ್ತಿಸಿಕೊಳ್ಳುವುದನ್ನು ನಿಲ್ಲಿಸಿಬಿಡುತ್ತಾರೆ, ಆಮೇಲೆ ಯಾರು ಕೈಮುಗಿದರೂ ನಡೆಯದು. ಹೊರಡುವ ಮೊದಲು ಮೊಬೈಲಿನಲ್ಲಿ ವೆಬ್ ಚೆಕ್–ಇನ್ ಮುಗಿಸಿರಬೇಕು. ಇದನ್ನು ಮನೆಯ ಹುಡುಗರಿಗೆ ವಹಿಸಿ. ಬಂದರಿನಲ್ಲಿ ವಿಮಾನ ನಿಲ್ದಾಣದಂತೆಯೇ ತಪಾಸಣೆ. ನಡೆಯಲಾಗದವರಿದ್ದರೆ ಗಾಲಿಕುರ್ಚಿ ಬೇಕೆಂದು ಮೊದಲೇ ತಿಳಿಸಿದರೆ ಒದಗಿಸುತ್ತಾರೆ.

ಕೋಣೆಗೆ ಹೋದ ಹತ್ತು ನಿಮಿಷಕ್ಕೆ ಸ್ನಾನದ ಮನೆಯಿಂದ ಅವ್ವ ಚೀರಿದಳು. ಹಡಗಿನ ಕಕ್ಕಸದಲ್ಲಿ ನೀರು ಸುರಿಯುವುದಿಲ್ಲ, ಗುಂಡಿ ಒತ್ತಿದರೆ ಗಾಳಿ ಢಸ್ಸೆಂದು ಎಳೆದುಕೊಳ್ಳುತ್ತದೆ. ಆ ಸಪ್ಪಳ ಗೊತ್ತಿಲ್ಲದವರ ಎದೆ ಧಸಕ್ಕೆನ್ನುತ್ತದೆ. ಮುಚ್ಚಳ ಹಾಕಿ ಒತ್ತಲು ಹಿರಿಯರಿಗೆ, ಮಕ್ಕಳಿಗೆ ಮೊದಲೇ ತೋರಿಸಿ. ಕಾಗದ ಬಿಟ್ಟು ಬೇರೇನೂ ಅದರಲ್ಲಿ ಹಾಕಬಾರದು, ಒಂದು ಕಡೆ ಕಟ್ಟಿದರೆ ಸಾಲುಕೋಣೆಗಳಿಗೆಲ್ಲ ತೊಂದರೆ. ಸ್ನಾನದ ಮನೆಯ ಹೊಸ್ತಿಲು ನಮ್ಮ ಮನೆಯದಕ್ಕಿಂತ ಎತ್ತರ. ರಾತ್ರಿ ಎಡವದಂತೆ ದೀಪ ಹಚ್ಚಿಯೇ ಏಳಬೇಕು. ಬಾಗಿಲು ಭಾರ, ತಾನೇ ಮುಚ್ಚಿಕೊಳ್ಳುತ್ತದೆ, ಮಕ್ಕಳ ಬೆರಳು ಜೋಪಾನ.

ಹಡಗು ಹೊರಡುವ ಮೊದಲು ಎಲ್ಲರನ್ನೂ ಸುರಕ್ಷತಾ ತಾಲೀಮಿಗೆ ಕರೆಯುತ್ತಾರೆ. ಏಳು ಸಲ ಗಿಡ್ಡ, ಆಮೇಲೆ ಒಂದು ಸಲ ಉದ್ದ ಸೀಟಿ ಊದಿದರೆ ಅಪಾಯದ ಕರೆ ಎಂದರ್ಥ. ನಿಮ್ಮ ಕೋಣೆಯವರು ಎಲ್ಲಿ ಸೇರಬೇಕೆಂಬುದು ಬಾಗಿಲಿನ ಹಿಂದೆ ಬರೆದಿರುತ್ತದೆ. ಟೈಟಾನಿಕ್ ಮುಳುಗಿದ್ದು 1912ರಲ್ಲಿ. ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ ಅದರ ಪಾಠದಿಂದ 1914ರಲ್ಲಿ ಹುಟ್ಟಿತು. ಇತ್ತೀಚಿನವರೆಗೂ ಹಡಗು ಹೊರಟ ಇಪ್ಪತ್ನಾಲ್ಕು ತಾಸಿನೊಳಗೆ ತಾಲೀಮು ಮಾಡಿಸಿದರೆ ಸಾಕಿತ್ತು. 2012ರ ಜನವರಿ 13ರಂದು ಇಟಲಿಯ ದಂಡೆಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ತಾಗಿ ಮಗುಚಿದಾಗ, ಅದೇ ದಿನ ಹತ್ತಿದ ನೂರಾರು ಜನರಿಗೆ ಎಲ್ಲಿ ಸೇರಬೇಕೆಂಬುದನ್ನೇ ಹೇಳಿರಲಿಲ್ಲ. 32 ಜೀವ ಹೋದವು. 2015ರಿಂದ ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ತಾಲೀಮು ಆಗಲೇಬೇಕು. ಬಹಳ ಜನ ಆ ಹೊತ್ತಿಗೆ ಊಟದ ಸಾಲಿನಲ್ಲಿ ನಿಂತಿರುತ್ತಾರೆ, ಮೊಬೈಲ್ ನೋಡುತ್ತಿರುತ್ತಾರೆ. ಹಾಗೆ ಮಾಡಬೇಡಿ. ಲೈಫ್ ಜಾಕೆಟ್ ಎಲ್ಲಿದೆ, ಪಟ್ಟಿ ಹೇಗೆ ಬಿಗಿಯಬೇಕು, ಲಿಫ್ಟ್ ಬಿಟ್ಟು ಮೆಟ್ಟಿಲಿನಿಂದ ದಾರಿ ಯಾವುದು ಎಂಬುದನ್ನು ಕೈಹಿಡಿದು ಮನೆಯವರಿಗೆಲ್ಲ ತೋರಿಸಿ. ಇದೊಂದನ್ನು ಕಲಿತ ಮೇಲೆ ಅವ್ವ ಆಳದ ಪ್ರಶ್ನೆ ಮತ್ತೆ ಕೇಳಲಿಲ್ಲ.

ತೂಗುವುದು, ತೊಳಸುವುದು

ಸಂಜೆ ಹಡಗು ಹೊರಟಿದ್ದು ಯಾರಿಗೂ ಗೊತ್ತಾಗಲಿಲ್ಲ. "ಏ ತಮ್ಮಾ, ಇದು ಹೊಂಟೈತೇನು, ನಿಂತೈತೇನು?" ಎಂದು ಅವ್ವ ಕೇಳಿದಾಗ ಕಿಟಕಿಯಾಚೆ ಮುಂಬೈಯ ದೀಪಗಳು ಹಿಂದೆ ಸರಿಯುತ್ತಿದ್ದವು. ಮೇಜಿನ ಮೇಲೆ ಅವಳ ತಂಬಿಗೆಯಲ್ಲಿ ಕಂಠದವರೆಗೆ ನೀರಿತ್ತು. ಆ ನೀರಿನ ಅಂಚು ಒಮ್ಮೆ ಎಡಕ್ಕೆ ಒಂದು ಎಳೆಯಷ್ಟು ಏರಿ, ತಡೆದು, ಬಲಕ್ಕೆ ಏರುತ್ತಿತ್ತು, ಚೆಲ್ಲಲಿಲ್ಲ. ಮೂರು ದಿನವೂ ಅವಳು ಕಡಲಿನ ಮನಸ್ಸನ್ನು ಅಳೆದದ್ದು ಆ ತಂಬಿಗೆಯಿಂದಲೇ.

ಹಡಗಿನ ಎರಡೂ ಪಕ್ಕೆಗೆ ನೀರಿನೊಳಗೆ ಮೀನಿನ ಈಜುರೆಕ್ಕೆಯಂಥ ಹಲಗೆಗಳಿರುತ್ತವೆ, ಅವು ಓಲಾಟವನ್ನು ತಗ್ಗಿಸುತ್ತವೆ. ಆದರೂ ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಕಿವಿಯೊಳಗಿನ ಸಮತೋಲದ ಅಂಗ ನೀನು ತೂಗುತ್ತಿದ್ದೀ ಎನ್ನುತ್ತದೆ, ಕೋಣೆಯ ಗೋಡೆ ನೋಡುತ್ತಿರುವ ಕಣ್ಣು ಇಲ್ಲ ಎನ್ನುತ್ತದೆ. ಈ ಜಗಳದಿಂದಲೇ ಸಂಕಟ. ಆದ್ದರಿಂದ ತಲೆ ತಿರುಗಿದಾಗ ಕೋಣೆಗೆ ಹೋಗಿ ಮುಸುಕು ಹಾಕಿಕೊಳ್ಳುವ ಬದಲು ತೆರೆದ ಡೆಕ್ಕಿಗೆ ಬಂದು ದೂರದ ಬಾನಂಚನ್ನು ನೋಡುತ್ತ ನಿಲ್ಲಬೇಕು. ಹೊಟ್ಟೆ ಖಾಲಿ ಬಿಡಬಾರದು, ಬಿರಿಯುವಂತೆ ಉಣ್ಣಲೂ ಬಾರದು. ಹಸಿಶುಂಠಿಯ ಚೂರು ಕೆಲವರಿಗೆ ಹಿಡಿಸುತ್ತದೆ. ಬಸ್ಸಿನಲ್ಲೇ ವಾಂತಿ ಮಾಡಿಕೊಳ್ಳುವವರು ಊರಿನ ಡಾಕ್ಟರನ್ನು ಕೇಳಿ ಗುಳಿಗೆ ಬರೆಸಿಕೊಂಡು ಹೋಗಲಿ. ಸಂಕಟ ಶುರುವಾದ ಮೇಲೆ ನುಂಗಿದರೆ ಅಷ್ಟು ಉಪಯೋಗವಿಲ್ಲ, ಮೊದಲೇ ತೆಗೆದುಕೊಳ್ಳಬೇಕು. ಈ ಗುಳಿಗೆಗಳಿಂದ ನಿದ್ದೆ ಬರುತ್ತದೆ. ಬಿಪಿ, ಹೃದಯ, ಪ್ರಾಸ್ಟೇಟ್ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ನುಂಗಬಾರದು.

ಊಟದ ಚಿಂತೆ ಬೇಡ. ಸಸ್ಯಾಹಾರ, ಜೈನ ಊಟ ಬೇರೆಯಾಗಿಯೇ ಇರುತ್ತವೆ. ಅನ್ನ, ಬೇಳೆ, ಪಲ್ಯ, ಮೊಸರು ಮೂರು ಹೊತ್ತೂ ಸಿಕ್ಕಿತು. ಜೋಳದ ರೊಟ್ಟಿ ಒಂದು ಹೊತ್ತೂ ಸಿಗಲಿಲ್ಲ. ಮದುವೆ ಮನೆಯ ಪಂಕ್ತಿಯಂತೆ ಬಡಿಸುವವರಿಲ್ಲ, ತಟ್ಟೆ ಹಿಡಿದು ಸಾಲಿನಲ್ಲಿ ಬೇಕಾದ್ದನ್ನು ಹಾಕಿಕೊಳ್ಳಬೇಕು. ಊಟದ ಮನೆ ತೆರೆದ ಕೂಡಲೇ ಜಾತ್ರೆಯ ನೂಕು. ಅರ್ಧ ತಾಸು ತಡೆದು ಹೋದರೆ ಆರಾಮ. ಎಲ್ಲವನ್ನೂ ತಿಂದು ದುಡ್ಡು ವಸೂಲು ಮಾಡಬೇಕೆಂಬ ಹಠ ಹಿಡಿದವರೇ ಎರಡನೆಯ ದಿನ ಮಲಗಿದ್ದನ್ನು ಕಂಡೆ.

ದಡದಿಂದ ದೂರ ಹೋದಂತೆ ಮೊಬೈಲಿನ ಸಿಗ್ನಲ್ ನಿಲ್ಲುತ್ತದೆ. ಆಗ ಫೋನು ಉಪಗ್ರಹದ ಮೂಲಕ ನಡೆಯುವ ಹಡಗಿನ ಜಾಲವನ್ನು ಹಿಡಿದರೆ ಬಿಲ್ಲು ಗಾಬರಿ ಹುಟ್ಟಿಸುವಷ್ಟು ಬರುತ್ತದೆ. ಹತ್ತಿದ ಕೂಡಲೇ ಫ್ಲೈಟ್ ಮೋಡ್ ಒತ್ತಿ. ಊರಲ್ಲಿ ಉಳಿದವರಿಗೆ ಎರಡು ದಿನ ಫೋನು ಹತ್ತುವುದಿಲ್ಲ ಎಂದು ಹೇಳಿ ಹೊರಡಿ, ಇಲ್ಲದಿದ್ದರೆ ಅಲ್ಲಿ ದೇವರಿಗೆ ಹರಕೆ ಹೊತ್ತು ಕುಳಿತಿರುತ್ತಾರೆ. ಮನೆಯವರು ಚದುರಿದಾಗ ಹಡಗಿನೊಳಗೆ ಹುಡುಕುವುದು ಕಷ್ಟ. "ಹತ್ತು ಗಂಟೆಗೆ ದೊಡ್ಡ ಮೆಟ್ಟಿಲ ಹತ್ತಿರ" ಎಂದು ಮಾತಾಡಿಕೊಂಡಿರಿ. ಮಕ್ಕಳನ್ನು ಕಟಾಂಜನದ ಮೇಲೆ ಕೂರಿಸಿ ಫೋಟೊ ತೆಗೆಯಬೇಡಿ, ಯಾರು ಹೇಳಿದರೂ ಬೇಡ.

ದಡಕ್ಕೆ ಇಳಿದಾಗ

ಗೋವಾದಲ್ಲಿ ಹಡಗು ಮುರಗಾಂವ ಬಂದರಿಗೆ ತಾಗುತ್ತದೆ, ವಾಸ್ಕೊ ಊರಿನ ಮಗ್ಗುಲಲ್ಲೇ. ಸಿಗುವುದು ಕೆಲವೇ ತಾಸು. ಪಣಜಿ, ಹಳೆ ಗೋವಾ, ಉತ್ತರದ ಬೀಚು ಎಲ್ಲ ನೋಡುತ್ತೇವೆಂದು ಹೊರಟರೆ ಟ್ಯಾಕ್ಸಿಯ ಕಿಟಕಿಯನ್ನಷ್ಟೇ ನೋಡಿ ಮರಳಬೇಕಾಗುತ್ತದೆ. ಒಂದೇ ಜಾಗ ಆರಿಸಿ. ಹಡಗಿಗೆ ಮರಳಬೇಕಾದ ಗಂಟೆಯನ್ನು ಬಾಗಿಲಲ್ಲಿ ಬರೆದಿರುತ್ತಾರೆ. ಅದಕ್ಕೆ ಒಂದು ತಾಸು ಮೊದಲೇ ಬನ್ನಿ. ಹಡಗು ಯಾರಿಗೂ ಕಾಯುವುದಿಲ್ಲ. ಕಾರ್ಡು, ಗುರುತಿನ ಚೀಟಿ ಎರಡೂ ಜೇಬಿನಲ್ಲಿರಲಿ. ನಾವು ವಾಸ್ಕೊ ಪೇಟೆಯಲ್ಲೇ ಅಡ್ಡಾಡಿದೆವು. ದುಡಿಮೆಗೆಂದು ಉತ್ತರ ಕರ್ನಾಟಕದಿಂದ ಹೋಗಿ ನೆಲೆಸಿದವರು ಅಲ್ಲಿ ಬಹಳ. ತರಕಾರಿ ಮಾರುವ ಹೆಣ್ಣುಮಗಳೊಬ್ಬಳು ನಮ್ಮ ಮಾತು ಕೇಳಿ "ಯಾವೂರ್ರೀ?" ಎಂದಳು. ಅವ್ವ "ಅಸೂಟಿ, ರೋಣದ ಹಂತ್ಯಾಕ" ಎಂದಿದ್ದೇ ತಡ, ಇಬ್ಬರೂ ಅರ್ಧ ತಾಸು ಮಳೆ, ಬೆಳೆ, ಹೊಳೆ ಮಾತಾಡಿದರು. ಅವ್ವ ಗೋವಾದಲ್ಲಿ ನೋಡಿದ್ದು ಅಷ್ಟೇ. ಅವಳಿಗೆ ಅದು ಸಾಕಾಗಿತ್ತು.

ಕೊನೆಯ ರಾತ್ರಿ ದೊಡ್ಡ ಚೀಲಗಳನ್ನು ಕೋಣೆಯ ಹೊರಗೆ ಇಡಲು ಹೇಳುತ್ತಾರೆ. ಬೆಳಿಗ್ಗೆ ಉಡುವ ಬಟ್ಟೆ, ಗುಳಿಗೆ ಒಳಗೇ ಇಟ್ಟುಕೊಳ್ಳಿ. ಎಲ್ಲ ಕಟ್ಟಿ ಹೊರಗಿಟ್ಟು ರಾತ್ರಿಯ ಬಟ್ಟೆಯಲ್ಲೇ ಇಳಿಯಬೇಕಾದವರಿದ್ದಾರೆ. ಬಿಲ್ಲನ್ನು ಅದೇ ರಾತ್ರಿ ಓದಿ, ತಪ್ಪಿದ್ದರೆ ಆಗಲೇ ಕೇಳಿ. ಬೆಳಿಗ್ಗೆ ಸ್ವಾಗತ ಕಟ್ಟೆಯ ಮುಂದೆ ಪಾಳಿ ಉದ್ದವಿರುತ್ತದೆ. ಇಳಿದ ದಿನವೇ ಸಂಜೆಯ ರೈಲು ಹಿಡಿಯುವುದಾದರೆ ನಡುವೆ ಐದಾರು ತಾಸು ಬಿಡುವಿರಲಿ.

ನೆಲದ ಮೇಲೆ ಬಂದ ಮೇಲೂ ಒಂದೆರಡು ದಿನ ಕೆಲವರಿಗೆ ತೂಗಿದಂತೆ ಅನ್ನಿಸುತ್ತದೆ. ಮೈ ಕಡಲಿಗೆ ಹೊಂದಿಕೊಂಡಿದ್ದನ್ನು ಬಿಡಲು ಸಮಯ ಬೇಕು, ಗಾಬರಿಯಾಗುವಂಥದ್ದಲ್ಲ. ಅಂಥವರು ಆ ದಿನ ಬೈಕು, ಟ್ರ್ಯಾಕ್ಟರು ಹತ್ತಬಾರದು. ಅಸೂಟಿಗೆ ಬಂದ ರಾತ್ರಿ ಅಂಗಳದ ಹೊರಸಿನ ಮೇಲೆ ಮಲಗಿದ ಅವ್ವ ಎರಡು ಸಲ ಎದ್ದು ಕುಳಿತು, ಹೊರಸಿನ ಕಾಲು ಹಿಡಿದು ನೋಡಿದಳು. ಮೂರನೆಯ ದಿನಕ್ಕೆ ಅದೂ ನಿಂತಿತು.